ಮೊಮ್ಮಗಳ ಎಡಗಣ್ಣಿನ ವಿಚಾರಣೆ

ನಮ್ಮ ಮೊಮ್ಮಗಳು ಹುಟ್ಟಿದ ಮೂರನೆಯ ದಿನ ಆಸ್ಪತ್ರೆಯಿಂದ ಮನೆಗೆ ದಯಮಾಡಿಸಿದಳು. ಆರತಿಯೆಲ್ಲ ಆದ ಮೇಲೆ ಕಣ್ಣು ಪೂರ್ತಿ ತೆರೆದು ನನ್ನನ್ನು ನೋಡಿದಳು. ಎಡಗಣ್ಣಿನ ಬಿಳಿಯಲ್ಲಿ, ಕರಿಗುಡ್ಡೆಯ ಪಕ್ಕಕ್ಕೆ, ಕುಂಕುಮದ ಬೆರಳು ತಾಗಿದ ಹಾಗೆ ಕೆಂಪು ಕಲೆ. ಇಷ್ಟು ಬೇಗ ಅಜ್ಜನ ಮೇಲೆ ಇಷ್ಟು ಸಿಟ್ಟೇ ಎಂದು ನಾನು ನಕ್ಕೆ. ನನ್ನ ಹೆಂಡತಿ ನಗಲಿಲ್ಲ.

ಮಕ್ಕಳ ಡಾಕ್ಟರು ಅದನ್ನು ನೋಡಿಯೇ ಕಳಿಸಿದ್ದರು. ಗಾಬರಿ ಬೇಡ, ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ ಎಂದು ಚೀಟಿಯನ್ನೂ ಕೊಟ್ಟಿದ್ದರು. ಕಣ್ಣಿನ ಡಾಕ್ಟರು ಸಿಗುವುದು ನಾಲ್ಕು ದಿನದ ಮೇಲೆ. ನಾಲ್ಕು ದಿನ ಏನೂ ತಿಳಿಯದೆ ಸುಮ್ಮನಿರುವ ಅಭ್ಯಾಸ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ.

ನಾವು ಕಲಬುರಗಿ ಕಡೆಯವರು, ಹೊಟ್ಟೆಪಾಡಿಗೆ ಬಂದು ಛತ್ರಪತಿ ಸಂಭಾಜಿನಗರದವರಾದೆವು. ಮಗಳನ್ನು ಕೊಟ್ಟಿದ್ದು ನಾಶಿಕಕ್ಕೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮಲ್ಲಿ ಎಲ್ಲೂ ಬರೆಯದ ಕಾಯ್ದೆ. ಅದರ ಉಪಕಲಮು ಹೀಗೆ: ಕೂಸು ಚೆಂದ ಇದ್ದರೆ ಅತ್ತೆಮನೆಯ ಹೋಲಿಕೆ, ಏನಾದರೂ ಕುಂದು ಕಂಡರೆ ತವರಿನ ಹೊಣೆ. ಆದಕಾರಣ ನಾಶಿಕದ ಬೀಗತಿಗೆ ಫೋನು ಮಾಡಿ ಸುದ್ದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

"ನನಗ ಮೊದಲೇ ಗೊತ್ತಿತ್ತು ಬೀಗರ," ಅಂದರು ಅವರು. "ಕುಬಸ ಮುಗಿಸಿ ಬಸುರಿ ಸೊಸಿ ನಿಮ್ಮ ಕಡಿ ಬರೂ ಮುಂದ ಲಾಸಲಗಾಂವ್ ಉಳ್ಳಾಗಡ್ಡಿ ಪ್ಯಾಟಿ ಹಂತ್ಯಾಕ ಲಾರಿ ಹಿಂದ ಒಂದು ತಾಸು ನಿಂತಿದ್ರಂತ. ಆ ಘಾಟು ಕೂಸಿನ ಕಣ್ಣಿಗೆ ಬಡದದ."

ಸ್ಪೀಕರಿನಲ್ಲಿ ಕೇಳುತ್ತಿದ್ದ ನನ್ನ ಹೆಂಡತಿ ತಡೆಯಲಿಲ್ಲ. "ಹಂಗಾದ್ರ ಲಾಸಲಗಾಂವ್‌ದಾಗ ಹುಟ್ಟಿದ ಕೂಸುಗಳೆಲ್ಲಾ ಕೆಂಪುಗಣ್ಣಿನವೇ ಇರಬೇಕಿತ್ತಲ್ರೀ!"

"ಇದ್ರೂ ಇರಬಹುದು. ನೀವೇನು ಹೋಗಿ ನೋಡೀರೇನು?"

ನೋಡಿರಲಿಲ್ಲ. ಹೆಂಡತಿಯದು ಬೇರೆ ಸಿದ್ಧಾಂತ: ಬಸುರಿ ಮಗಳು ಬೇಡವೆಂದರೂ ರೊಟ್ಟಿಗೆ ರಂಜಕ ಬಳಿದುಕೊಂಡು ತಿಂದಳು, ಹಸಿ ಕೆಂಪು ಮೆಣಸಿನಕಾಯಿ ಅರೆದಿದ್ದು, ಅದರ ಬಣ್ಣ ಎಲ್ಲಿಗೆ ಹೋಗಬೇಕು? ಈ ಅವೈಜ್ಞಾನಿಕ ವಾತಾವರಣದಲ್ಲಿ ತಿಳಿವಳಿಕಸ್ಥ ಎಂದು ಉಳಿದವನು ನಾನೊಬ್ಬನೇ ಎಂದು ನನಗೆ ಖಾತ್ರಿಯಾಯಿತು.

ನಾನು ವಾಳೂಜದ ಕಾರ್ಖಾನೆಯಲ್ಲಿ ಬೈಕಿನ ಬಿಡಿಭಾಗ ತಪಾಸಣೆ ಮಾಡಿ ನಿವೃತ್ತನಾದವನು. ಅಲ್ಲಿ ಒಂದು ಪದ್ಧತಿ. ಮಾಲಿನಲ್ಲಿ ಕುಂದು ಕಂಡರೆ 'ಯಾಕೆ' ಎಂದು ಐದು ಸಲ ಕೇಳಬೇಕು, ಪ್ರತಿ ಉತ್ತರಕ್ಕೂ ಮತ್ತೊಂದು 'ಯಾಕೆ'. ಐದನೆಯದರಲ್ಲಿ ಮೂಲಕಾರಣ ಸಿಕ್ಕೇ ಸಿಗುತ್ತದೆ. ನಾನು ನೋಟ್‌ಬುಕ್ಕು, ಪೆನ್ನು ಹಿಡಿದು ಮಗಳ ಕೋಣೆಗೆ ಹೋಗಿ, ಬಾಣಂತಿಯ ಮಂಚದ ಪಕ್ಕ ಸ್ಟೂಲು ಎಳೆದು ಕೂತೆ. ಅವಳು ಕೂಸಿಗೆ ಹಾಲು ಕುಡಿಸಿ ಭುಜದ ಮೇಲೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು.

"ಕಣ್ಣು ಯಾಕ ಕೆಂಪಾತು?"

"ಪಪ್ಪಾ, ಸುರು ಮಾಡಿದ್ರಿ?" ಎಂದು ನಕ್ಕಳು. "ಸಣ್ಣ ರಕ್ತನಾಳ ಒಡದದ."

"ಯಾಕ ಒಡೀತು?"

"ಹುಟ್ಟೂ ಮುಂದ ತಲಿ ಮ್ಯಾಲ ಒತ್ತಡ ಬಿತ್ತು."

"ಒತ್ತಡ ಯಾಕ ಹೆಚ್ಚಾತು?"

"ಭಾಳ ಹೊತ್ತು ತಿಣುಕಿದೆ. ಕಡೀಕ ತಲಿಗೆ ಬಟ್ಟಲದಂಥಾದ್ದು ಹಚ್ಚಿ, ಗಾಳಿ ಎಳದು, ಹೊರಗ ತಗದ್ರು."

"ಬಟ್ಟಲ ಯಾಕ ಹಚ್ಚಬೇಕಾತು?"

"ನಾನು ಸೋತಿದ್ದೆ. ಕೂಸು ಮುಂದ ಬರವಲ್ದಾಗಿತ್ತು."

ಬರೆದುಕೊಂಡೆ. ನನ್ನ ಅಕ್ಷರ ಆಗಲೂ ಚೆನ್ನಾಗಿತ್ತು. "ಅಷ್ಟು ಹೊತ್ತು ಯಾಕ ಕಾದ್ರಿ?"

ಮಗಳು ನಗುವುದನ್ನು ನಿಲ್ಲಿಸಿದಳು.

"ಬರಕೊಳ್ರಿ. ಐದನೇದು ನಾನು," ಅಂದಳು. "ಡಾಕ್ಟರ್ ಮೊದಲೇ ಕೇಳಿದ್ರು, ಆಪರೇಷನ್ ಮಾಡೂಣೇನು ಅಂತ. ನಾನೇ, ಇನ್ನಾ ಸ್ವಲ್ಪ ನೋಡೂಣ ಅಂದೆ. ಪಪ್ಪಾ, ಅಕಿಗಿ ಕಣ್ಣು ಕಾಣಲಿಲ್ಲಂದ್ರ?"

ಕಾರ್ಖಾನೆಯಲ್ಲೂ ಹೀಗೇ ಆಗುತ್ತಿತ್ತು. ಐದನೆಯ 'ಯಾಕೆ' ಸುತ್ತಿ ಸುತ್ತಿ ಕೊನೆಗೆ ಮಷೀನಿನ ಮುಂದೆ ನಿಂತವನ ಹತ್ತಿರ ಬಂದು ನಿಲ್ಲುತ್ತಿತ್ತು. ಕೆಳಗೆ ಸಹಿ ಹಾಕಿ ಚಹಾ ಕುಡಿಯಲು ಹೋಗುತ್ತಿದ್ದೆ. ಈ ಸಲ ಚಹಾ ಬೇಡವೆನಿಸಿತು. ಅವಳ ಮುಂದೆಯೇ ಆ ಹಾಳೆ ಹರಿದೆ, ಆದರೆ ಹರಿದರೆ ಹೋಗುವಂಥದ್ದಾಗಿರಲಿಲ್ಲ ಅದು. ಮುಂದಿನ ಮೂರು ದಿನ ಕೂಸು ಕಣ್ಣು ಬಿಟ್ಟಾಗಲೆಲ್ಲ ಮಗಳು ಅದರ ಮುಖದ ಮುಂದೆ ಬೆರಳಾಡಿಸುತ್ತಿದ್ದಳು. ಕೂಸು ಮಲಗಿದರೂ ತಾನು ಮಲಗುತ್ತಿರಲಿಲ್ಲ.

ಕಣ್ಣಿನ ಡಾಕ್ಟರು ಮರಾಠಿ ಹೆಣ್ಣುಮಗಳು, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರು. ಕೂಸಿನ ಕಣ್ಣಿಗೆ ಹನಿ ಹಾಕಿ ಒಂದು ತಾಸು ಕೂರಿಸಿದರು. ಆಮೇಲೆ ಹಣೆಗೆ ದೀಪ ಕಟ್ಟಿಕೊಂಡು, ರೆಪ್ಪೆಗಳನ್ನು ಚಿಕ್ಕ ಕ್ಲಿಪ್ಪಿನಿಂದ ಬಿಡಿಸಿ ಒಳಗೆ ನೋಡಿದರು. ಕೂಸು ತನ್ನ ಅಸಮ್ಮತಿಯನ್ನು ಇಡೀ ಕಟ್ಟಡಕ್ಕೆ ತಿಳಿಸಿತು. ನೋಡುತ್ತಲೇ ಅವರೂ ಕೇಳಿದರು: ಎಷ್ಟು ಹೊತ್ತು ನೋವು ತಿಂದಿರಿ? ಬಟ್ಟಲು ಹಚ್ಚಿದ್ದರೇ? ತೂಕ ಎಷ್ಟು? ಹುಟ್ಟಿದ ಕೂಡಲೇ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟಿದ್ದರೇ? ನನ್ನದೇ ಪ್ರಶ್ನೆಗಳ ಅಕ್ಕತಂಗಿಯರು.

"ಹೊರಗಿನ ಕಲೆ ಎರಡು ವಾರದಲ್ಲಿ ಹೋಗುತ್ತದೆ," ಅಂದರು ಮರಾಠಿಯಲ್ಲಿ. "ಒಳಗೆ ಕಣ್ಣಿನ ಹಿಂದಿನ ಪರದೆಯ ಮೇಲೂ ನಾಲ್ಕಾರು ಸಣ್ಣ ರಕ್ತದ ಚುಕ್ಕಿಗಳಿವೆ. ದೃಷ್ಟಿಯ ನಟ್ಟನಡುವೆ ಇಲ್ಲ. ಅವೂ ಕೆಲವು ವಾರದಲ್ಲಿ ತಾವೇ ಕರಗುತ್ತವೆ. ಒಂದು ತಿಂಗಳಿಗೆ ಬನ್ನಿ, ಮತ್ತೊಮ್ಮೆ ನೋಡೋಣ."

ಮಗಳು ಕೇಳಿಯೇಬಿಟ್ಟಳು. "ಆಪರೇಷನ್ ಮಾಡಿಸಿಕೊಂಡಿದ್ದರೆ ಆಗುತ್ತಿರಲಿಲ್ಲವಾ?"

"ಸುಳ್ಳು ಹೇಳುವುದಿಲ್ಲ, ಆಗುವ ಸಂಭವ ಕಡಿಮೆ ಇರುತ್ತಿತ್ತು. ಬಟ್ಟಲು ಹಚ್ಚಿದರೆ ಸಂಭವ ಹೆಚ್ಚು. ಆದರೆ ಏನೂ ಹಚ್ಚದೆ ಸಹಜವಾಗಿ ಹುಟ್ಟಿದ ಎಷ್ಟೋ ಮಕ್ಕಳಲ್ಲೂ ಇರುತ್ತದೆ. ಯಾರೂ ಒಳಗೆ ಇಣುಕುವುದಿಲ್ಲ, ಅದಕ್ಕೆ ಗೊತ್ತಾಗುವುದಿಲ್ಲ, ಅಷ್ಟೇ. ಆಪರೇಷನ್ನಿಗೂ ಅದರದೇ ತೊಂದರೆಗಳಿರುತ್ತವೆ. ಇದರಲ್ಲಿ ನಿಮ್ಮ ತಪ್ಪೇನಿಲ್ಲ."

"ಮತ್ತೆ ಉಳ್ಳಾಗಡ್ಡಿ?" ಎಂದಳು ನನ್ನ ಹೆಂಡತಿ, ಬೀಗತಿಗೂ ನ್ಯಾಯ ಸಿಗಲೆಂದು. ಡಾಕ್ಟರು ಪೂರ್ತಿ ಕಥೆ ಕೇಳಿ, ಉಳ್ಳಾಗಡ್ಡಿಯನ್ನೂ ರಂಜಕವನ್ನೂ ಏಕಕಾಲಕ್ಕೆ ಖುಲಾಸೆಗೊಳಿಸಿ, ಕಣ್ಣಿಗೆ ಕಾಡಿಗೆ, ಎಣ್ಣೆ ಏನೂ ಮುಟ್ಟಿಸಬಾರದೆಂದರು. ಹೆಂಡತಿ ಕಾಡಿಗೆ ಡಬ್ಬಿ ಇಣುಕುತ್ತಿದ್ದ ತನ್ನ ಪರ್ಸಿನ ಝಿಪ್ಪನ್ನು ಮೆಲ್ಲಗೆ ಮುಚ್ಚಿಕೊಂಡಳು.

ತೊಟ್ಟಿಲ ದಿನ ಬೀಗತಿ ನಾಶಿಕದಿಂದ ಬರುವ ಹೊತ್ತಿಗೆ ಕಲೆ ಅರಿಶಿನದ ಬಣ್ಣಕ್ಕೆ ತಿರುಗಿತ್ತು. "ನಾ ಬಂದೆ, ಕಡಿಮಿ ಆತು ನೋಡ್ರಿ," ಎಂದು ಅದರ ಕೀರ್ತಿಯನ್ನು ಅವರು ಅಲ್ಲಿಯೇ ಸ್ವೀಕರಿಸಿದರು. ಇನ್ನೂ ಕಾರಣ ಕೇಳಿದವರಿಗೆ ಮಗಳು, "ಹುಟ್ಟಿ ಬಂದಾಳಲ್ರಿ, ಅದಕ್ಕ," ಅನ್ನುತ್ತಿದ್ದಳು. ಬಾಯಿ ಹಾಗೆ ಅನ್ನುತ್ತಿತ್ತು. ಬೆರಳಾಡಿಸುವುದು ಮಾತ್ರ ನಿಂತಿರಲಿಲ್ಲ.

ತಿಂಗಳಾದ ಮೇಲೆ ಮತ್ತೆ ಹನಿ, ಮತ್ತೆ ದೀಪ, ಮತ್ತೆ ಕಟ್ಟಡಕ್ಕೆಲ್ಲ ಘೋಷಣೆ. ಡಾಕ್ಟರು ಎರಡೂ ಕಣ್ಣು ನೋಡಿ ದೀಪ ಬಿಚ್ಚಿದರು. "ಒಂದು ಚುಕ್ಕಿಯೂ ಇಲ್ಲ. ಸ್ವಚ್ಛ."

ಮಗಳು ಅವರ ಕೈ ಹಿಡಿದುಕೊಂಡು ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ ಏನೇನೋ ಹೇಳಿದಳು. ಮೂವರೂ ಆಟೋ ಹತ್ತಿದೆವು. ಕೂಸು ನನ್ನ ತೊಡೆಯ ಮೇಲಿತ್ತು. ಎರಡನೆಯ ಸಿಗ್ನಲ್ಲು ಬರುವಷ್ಟರಲ್ಲಿ ಮಗಳ ತಲೆ ಅವಳ ಅವ್ವನ ಭುಜಕ್ಕೆ ವಾಲಿತು. ಬಾಯಿ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಾ ನಿದ್ದೆ ಹೋದಳು.

ನಮ್ಮ ಓಣಿಯ ತಿರುವು ಬಂದಾಗ ನಾನು ಆಟೋದವನಿಗೆ, ನೇರ ಹೋಗಪ್ಪಾ, ಸಾವಕಾಶ, ಗುಂಡಿ ತಪ್ಪಿಸಿ ಎಂದೆ.

"ಮನಿ ಬಂತಲ್ರೀ, ಎಲ್ಲಿಗಿ ಹೊಂಟ್ರಿ?" ಎಂದಳು ಹೆಂಡತಿ.

"ಮಗಳು ಮಲಗ್ಯಾಳ," ಎಂದೆ. ಅವಳು ಭುಜ ಅಲುಗಿಸದೆ ಕೂತಳು. ಆಟೋ ಊರು ದಾಟಿ ದೌಲತಾಬಾದಿನ ರಸ್ತೆ ಹಿಡಿಯಿತು.