ಎಡಬಲವಿಲ್ಲದ ತೋಳು

ಇವತ್ತು ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಹಾಲು ಕಾಯಿಸಿದೆ. ಮಗಳಿಗೆ ಜಡೆ ಹೆಣೆದು ಕಾಲೇಜಿಗೆ ಕಳಿಸಿದೆ. ಎರಡು ಬಕೆಟ್ ಬಟ್ಟೆ ಒಗೆದು ಹರವಿದೆ, ಹುರುಳಿ ಆರಿಸಿ ಡಬ್ಬಿಗೆ ತುಂಬಿದೆ. ಮಧ್ಯಾಹ್ನ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟು, ಮಗಳ ಹೊಸ ರವಿಕೆಯ ಕಂಕುಳಿಗೆ ಅಂಗೈಯಗಲದ ಚೌಕದ ತುಂಡು ಕೂರಿಸಿದೆ. ಚೌಕದ ಮೂಲೆಗೆ ಬಂದಾಗ ಸೂಜಿ ಬಟ್ಟೆಯೊಳಗೇ ಇರಬೇಕು; ಮಿಷನ್ನಿನ ಪಾದ ಎತ್ತಿ, ಬಟ್ಟೆಯನ್ನು ಮಾತ್ರ ತಿರುಗಿಸಬೇಕು. ಅವಸರ ಮಾಡಿದರೆ ಮೂಲೆಯಲ್ಲಿ ಸುಕ್ಕು ಬೀಳುತ್ತದೆ. ಇದನ್ನು ನನಗೆ ಕಲಿಸಿದವರು ಮಧುಗಿರಿಯ ಎದುರುಮನೆ ಅಕ್ಕ. ಅವರು ತೀರಿಕೊಂಡು ಮೊನ್ನೆಗೆ ಒಂದು ವರ್ಷವಾಯಿತು.

ಅಕ್ಕನ ಹಣೆಯಲ್ಲಿ, ಕುಂಕುಮದಿಂದ ಎರಡು ಬೆರಳು ಮೇಲೆ, ಜಡ್ಡುಗಟ್ಟಿದ ಗುರುತೊಂದಿತ್ತು. ಬಾಗಿಲ ಮೇಲಿನ ಮರ ತಗುಲಿ ತಗುಲಿ ಆದದ್ದು. ಅಷ್ಟು ಎತ್ತರದ ಹೆಂಗಸನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಎಪ್ಪತ್ತರ ದಶಕದ ಮೊದಲಲ್ಲಿ ನಾನು ಬಲಸಮುದ್ರದಿಂದ ಮದುವೆಯಾಗಿ ಬೆಟ್ಟದ ಕೆಳಗಿನ ಆ ಹೆಂಚಿನ ಮನೆಗಳ ಸಾಲಿಗೆ ಬಂದಾಗ, ಎದುರಿನ ಬಾಗಿಲಿಂದ ಮೊದಲು ತಲೆ, ಆಮೇಲೆ ಬಗ್ಗಿದ ಬೆನ್ನು, ಕೊನೆಗೆ ಕಾಲು ಹೊರಬಂತು. ನಾನು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆ.

"ಪೂರ್ತಿ ಬಂದಾಯ್ತು ಕಣೆ, ಇನ್ನು ಬಾಯಿ ಮುಚ್ಕೊ" ಎಂದರು ಅಕ್ಕ.

ಅವರ ಯಜಮಾನರು ಕೊರಟಗೆರೆ ಕಡೆಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರು. ಅಕ್ಕನ ಭುಜಕ್ಕೆ ಬರುತ್ತಿದ್ದರು. "ಹಾರ ಹಾಕೋಕೆ ನನ್ನನ್ನ ಮಣೆ ಮೇಲೆ ನಿಲ್ಲಿಸಿದ್ರು. ಆಗ್ಲೂ ಸಾಲ್ದೆ ಇನ್ನೊಂದು ಮಣೆ ತರ್ಸಿದ್ರು" ಎಂದು ಅವರೇ ನಗುತ್ತಾ ಹೇಳುತ್ತಿದ್ದರು. ಅಕ್ಕ ಮಾತ್ರ ಬೀದಿಯಲ್ಲಿ ಅವರ ಜೊತೆ ಹೋಗುವಾಗ ಬೆನ್ನು ಬಗ್ಗಿಸಿಕೊಂಡೇ ನಡೆಯುತ್ತಿದ್ದರು. ಹುಡುಗಿಯಾಗಿದ್ದಾಗಿನಿಂದ ಬಂದ ಅಭ್ಯಾಸ ಅದು. ಎತ್ತರದ ಹೆಣ್ಣಿಗೆ ಗಂಡು ಸಿಗುವುದಿಲ್ಲ ಎಂದು ಅವರ ತಾಯಿ ಬೆನ್ನಿನ ಮೇಲೆ ಕೈಯಿಟ್ಟು ಬಗ್ಗಿಸುತ್ತಿದ್ದರಂತೆ.

ಟೈಲರ್ ಹೊಲಿದ ಯಾವ ರವಿಕೆಯೂ ಅಕ್ಕನ ಮೈಗೆ ಸರಿಯಾಗಿ ಕೂರುತ್ತಿರಲಿಲ್ಲ. ಅಟ್ಟದ ಮೇಲಿನ ಮಡಕೆಗೆ ಕೈ ಚಾಚಿದರೆ ಕಂಕುಳಲ್ಲಿ ಚರ್ ಎನ್ನುತ್ತಿತ್ತು. "ನಾನು ಬಟ್ಟೇಗೆ ಹೊಂದ್ಕಬೇಕಾ, ಬಟ್ಟೆ ನಂಗೆ ಹೊಂದ್ಕಬೇಕಾ?" ಎಂದು ಹೇಳಿ ಮನೆಯಲ್ಲೇ ಹೊಲಿಯತೊಡಗಿದರು. ಹುಲಿಕುಂಟೆಯ ತವರಿನಲ್ಲಿ ಅವರ ಅಜ್ಜಿಯ ರವಿಕೆಯೊಂದು ಪೆಟ್ಟಿಗೆಯಲ್ಲಿ ಉಳಿದಿತ್ತು. ಅದನ್ನು ತಂದು, ಹೊಲಿಗೆ ಹೊಲಿಗೆಯಾಗಿ ಬಿಚ್ಚಿ, ಚಾಪೆಯ ಮೇಲೆ ಹರವಿ ನೋಡಿದರಂತೆ. ಅದರಲ್ಲಿ ಒಂದೇ ಒಂದು ಬಾಗಿದ ಗೆರೆ ಇರಲಿಲ್ಲ. ಎಲ್ಲವೂ ಉದ್ದ, ಅಗಲ, ಚೌಕ. ಬಟ್ಟೆಯ ಒಂದು ಚೂರೂ ದಂಡವಾಗಿರಲಿಲ್ಲ. ಕೈ ಎತ್ತಿದಾಗ ಬಟ್ಟೆ ಎಳೆಯದಿರಲೆಂದು ಕಂಕುಳಲ್ಲಿ ಒಂದು ಚೌಕ. ಊರ ಹೆಂಗಸರೆಲ್ಲ ಗಿಡ್ಡ ತೋಳಿನ ಬಿಗಿ ರವಿಕೆ ತೊಡುತ್ತಿದ್ದ ಆ ವರ್ಷಗಳಲ್ಲಿ ಅಕ್ಕ ಮೊಣಕೈವರೆಗಿನ ತೋಳಿನ, ಮುಂದೆ ಗಂಟು ಹಾಕುವ ಆ ರವಿಕೆಯನ್ನೇ ಹೊಸ ಬಟ್ಟೆಯಲ್ಲಿ ಹೊಲಿದು ತೊಡುತ್ತಿದ್ದರು.

"ಏನಮ್ಮ, ಅಜ್ಜಿ ಪೆಟ್ಟಿಗೆ ಕದ್ದು ಬಂದ್ಯಾ?" ಎಂದು ನಲ್ಲಿಯ ಹತ್ತಿರ ಯಾರಾದರೂ ಕೆಣಕುವರು.

"ಕದಿಯೋದು ಯಾಕೆ ಕಣಮ್ಮ, ಬಿಚ್ಚಿ ಓದ್ಕಂಡೆ" ಎನ್ನುವರು ಅಕ್ಕ. ಮಾತಾಡುವಾಗ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದುದರಿಂದ ಬಾಯಿಯ ಒಂದು ಮೂಲೆಯಿಂದ ಮಾತ್ರ ಮಾತು ಬರುತ್ತಿತ್ತು. ನೀರಿಗೆ ಬಂದಾಗಲೂ ಸೂಜಿ ತೆಗೆಯುವುದನ್ನು ಮರೆತಿರುತ್ತಿದ್ದರು.

ಒಂದು ವರ್ಷ ನಮ್ಮ ಮಹಿಳಾ ಸಮಾಜದವರು ವಾರ್ಷಿಕೋತ್ಸವಕ್ಕೆ ನಾಟಕ ಆಡುವುದೆಂದು ಗೊತ್ತು ಮಾಡಿದರು. ಹಳೆಯ ಕಾಲದಲ್ಲಿ ನಮ್ಮ ಬೆಟ್ಟದ ಕೋಟೆಯನ್ನು ಕಾದ ರಾಣಿಯೊಬ್ಬಳ ಕಥೆಯನ್ನು ಊರಿನ ಮೇಷ್ಟ್ರೊಬ್ಬರು ಬರೆದುಕೊಟ್ಟಿದ್ದರು. ಗಂಡಸರ ಪಾತ್ರಗಳನ್ನೂ ಹೆಂಗಸರೇ ಮಾಡಬೇಕು. ಅಕ್ಕನಿಗೆ ರಾಣಿಯ ಪಾತ್ರದ ಮೇಲೆ ಆಸೆಯಾಯಿತು. ಯಾರಿಗೂ ಹೇಳಲಿಲ್ಲ. ಆದರೆ ರಾಗಿ ಬೀಸುವಾಗ, ಸೌದೆ ಒಡೆಯುವಾಗ ರಾಣಿಯ ಮಾತುಗಳು ಎದುರುಮನೆಯಿಂದ ನನಗೆ ಕೇಳುತ್ತಿದ್ದವು. ಒಂದಕ್ಷರ ತಪ್ಪದೆ ಬಾಯಿಪಾಠ ಮಾಡಿದ್ದರು.

ನಮ್ಮ ಕಡೆ ನಾಟಕಕ್ಕೆ ಬಟ್ಟೆಗಳನ್ನು ಡ್ರೆಸ್ಸಿನವರಿಂದ ಬಾಡಿಗೆಗೆ ತರುವುದು. ಪೆಟ್ಟಿಗೆಯಲ್ಲಿ ಬಂದದ್ದು ಯಾರ ಮೈಗೆ ಹೊಂದುತ್ತದೋ ಅವರಿಗೆ ಆ ಪಾತ್ರ. ಪಾತ್ರ ಹಂಚುವ ದಿನ ಸಮಾಜದ ಅಧ್ಯಕ್ಷೆ ಅಕ್ಕನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ಅಳತೇದು ಯಾವ ಪೆಟ್ಟಿಗೇಲೂ ಬರಲ್ಲ ಕಣಮ್ಮ. ನೀನು ಬಾಗಿಲು ಕಾಯೋ ಭಟ ಆಗ್ಬುಡು. ಸುಮ್ನೆ ನಿಂತ್ಕಂಡ್ರೆ ಸಾಕು" ಎಂದರು. ರಾಣಿಯ ಪಾತ್ರವನ್ನು ಕಾರ್ಯದರ್ಶಿಗೆ ಕೊಡುವ ಮಾತಾಯಿತು. ಆಕೆ ತೆಳ್ಳಗೆ ಬೆಳ್ಳಗೆ ಇದ್ದ ಚಿಕ್ಕ ಹೆಂಗಸು.

ಎಲ್ಲರೂ ಏಳುವ ಹೊತ್ತಿಗೆ ಅಕ್ಕ ಕೇಳಿದರು: "ಬಟ್ಟೆ ನಾನೇ ಹೊಲ್ಕಂಡು ಬಂದ್ರೆ?"

ಅಧ್ಯಕ್ಷೆ ಸ್ವಲ್ಪ ಯೋಚಿಸಿ, "ಶುಕ್ರವಾರ ಡ್ರೆಸ್ಸು ಹಾಕಿ ನೋಡ್ತೀವಿ. ಅಷ್ಟರೊಳಗೆ ಹೊಲ್ಕಂಡು ಬಾ. ರಾಣಿ ಹಂಗೆ ಕಂಡ್ರೆ ನೋಡಾಣ" ಎಂದರು. ಉಳಿದದ್ದು ಐದು ದಿನ.

ಮಾರನೆಯ ದಿನ ಬೆಳಗಿನ ಬಸ್ಸಿಗೆ ನಾವಿಬ್ಬರೂ ಶಿರಾಕ್ಕೆ ಹೋದೆವು. ಅಲ್ಲಿನ ಬಟ್ಟೆ ಅಂಗಡಿಯ ಮುದುಕರು ಕಪಾಟಿನ ಮೂಲೆಯಿಂದ ಕುಂಕುಮ ಬಣ್ಣದ ಮಕಮಲ್ಲಿನ ತುಂಡೊಂದನ್ನು ಎಳೆದು ಹಾಕಿದರು. ಅಕ್ಕ ಮೊಳ ಹಾಕಿ ನೋಡಿ, ಇನ್ನೊಂದು ಮೊಳ ಬೇಕಿತ್ತು ಎಂದರು. "ಇಷ್ಟೇ ಅಮ್ಮಾ. ಬಿಲ್ಕುಲ್ ಖಾಲಿ. ಈ ರಂಗು ಮತ್ತೆ ಬರಲ್ಲ" ಎಂದರು ಮುದುಕರು. ಬರುವಾಗ ಬಸ್ಸಿನಲ್ಲಿ ಅಕ್ಕ ಆ ತುಂಡನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡಿದ್ದರು.

ರಾಣಿಗೆ ಮಣಿಕಟ್ಟಿನವರೆಗೆ ತೋಳಿರುವ ಅಂಗಿ ಎಂದು ಗೊತ್ತು ಮಾಡಿ, ಮೈಯ ಭಾಗವನ್ನು ಅವರು ಅಜ್ಜಿಯ ರೀತಿಯಲ್ಲೇ ನೇರವಾಗಿ ಕತ್ತರಿಸಿದರು. ತೋಳಿಗೆ ಬಂದಾಗ ನಾನು ಬಾಯಿ ಹಾಕಿದೆ. ನಾನು ಪಾವಗಡದಲ್ಲಿ ಆರು ತಿಂಗಳು ಹೊಲಿಗೆ ಕ್ಲಾಸಿಗೆ ಹೋದವಳು; ಸರ್ಟಿಫಿಕೇಟನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೆ. "ಅಕ್ಕ, ತೋಳಾದರೂ ಹೊಸ ಥರ ಇರಲಿ. ಭುಜದಲ್ಲಿ ದುಂಡಗೆ ಕೂರಬೇಕು. ನಾನು ಕತ್ತರಿಸುತ್ತೇನೆ" ಎಂದೆ. ಅಕ್ಕ ನನ್ನ ಮುಖ ನೋಡಿ ಕತ್ತರಿ ಕೊಟ್ಟರು. "ಕ್ಲಾಸಿಗೆ ಹೋದೋಳು ನೀನು, ಕತ್ರಿಸು" ಎಂದರು.

ಬಟ್ಟೆಯನ್ನು ಮಡಿಸಿ ಕತ್ತರಿಸಿದರೆ ಎಡತೋಳು ಬಲತೋಳು ತಾನಾಗಿ ಬರುತ್ತವೆ. ತುಂಡು ಚಿಕ್ಕದಾದ್ದರಿಂದ ಮಡಿಸಲಾಗಲಿಲ್ಲ. ಕಾಗದದ ನಮೂನೆಯನ್ನು ಇಟ್ಟು ಒಂದು ತೋಳು ಕತ್ತರಿಸಿದೆ. ಎರಡನೆಯದಕ್ಕೆ ಕಾಗದವನ್ನು ಮಗುಚಿ ಇಡಬೇಕಿತ್ತು. ಮಾತಾಡುತ್ತಾ ಹಾಗೆಯೇ ಇಟ್ಟು ಕತ್ತರಿಸಿಬಿಟ್ಟೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ನನ್ನ ಬಾಯಿಂದ ತವರೂರ ಕಡೆಯ ತೆಲುಗೇ ಬಂತು.

"ಅಯ್ಯೋ ದೇವುಡಾ, ರೆಂಡೂ ಎಡಮೇ."

ಎರಡೂ ಎಡತೋಳು. ಬೇರೆ ಬಟ್ಟೆಯಾಗಿದ್ದರೆ ಒಂದನ್ನು ಒಳಮೈ ಹೊರಗೆ ಮಾಡಿ ಹೊಲಿಯಬಹುದಿತ್ತು. ಮಕಮಲ್ಲಿಗೆ ಒಂದೇ ಮುಖ. ಅಂದು ಗುರುವಾರ, ಮಧ್ಯಾಹ್ನ ಎರಡು ಗಂಟೆ. ಶಿರಾದಲ್ಲಿ ಆ ಬಟ್ಟೆ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅಕ್ಕ ತುಟಿಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು. ಈಗ ಬೈಯುತ್ತಾರೆ ಎಂದುಕೊಂಡೆ.

"ಹೋಗು, ಎರಡು ಲೋಟ ಕಾಫಿ ಮಾಡ್ಕಂಡು ಬಾ" ಎಂದರು.

ಕಾಫಿ ತಂದಾಗ ಅವರು ಎರಡು ತೋಳುಗಳನ್ನೂ ಒಂದರ ಮೇಲೊಂದಿಟ್ಟು ನೋಡುತ್ತಿದ್ದರು. ಅರ್ಧ ಲೋಟ ಕುಡಿದ ಮೇಲೆ ಮಾತಾಡಿದರು. "ಅಲ್ವೇ, ನಮ್ಮಜ್ಜಿ ತೋಳಿಗೆ ಎಡ ಎಲ್ಲಿತ್ತು, ಬಲ ಎಲ್ಲಿತ್ತು? ನೆಟ್ಟಗೆ ಒಂದು ತುಂಡು, ಅಷ್ಟೇಯ. ಯಾವ ಕೈಗಾದ್ರೂ ಹಾಕ್ಕೊ. ಈ ದುಂಡನ್ನ ಹಾರಿಸ್ಬುಟ್ರೆ ಆಯ್ತು." ಹಾಗೆಂದು ನಾನು ಅಷ್ಟು ಅಂದವಾಗಿ ಕತ್ತರಿಸಿದ್ದ ಭುಜದ ದುಂಡನ್ನು ಎರಡು ಏಟಿಗೆ ನೇರಮಾಡಿದರು. ತೋಳು ನಾಲ್ಕು ಬೆರಳು ಗಿಡ್ಡವಾಯಿತು. ತಮ್ಮ ಹರಿದ ಧಾರೆ ಸೀರೆಯ ಜರಿ ಅಂಚನ್ನು ಕಿತ್ತು ಮಣಿಕಟ್ಟಿಗೆ ಜೋಡಿಸಿದರು. ಕಂಕುಳ ಚೌಕಕ್ಕೆ ಮಕಮಲ್ಲು ಉಳಿದಿರಲಿಲ್ಲ. ನಾನು ಓಡಿಹೋಗಿ ನನ್ನ ಮದುವೆ ರವಿಕೆಯಲ್ಲಿ ಉಳಿದಿದ್ದ ಹಸಿರು ರೇಷ್ಮೆಯ ತುಂಡು ತಂದೆ. ಎಂಟು ಮೂಲೆಗಳನ್ನೂ ನನ್ನ ಕೈಯಲ್ಲೇ ಹೊಲಿಸಿದರು. "ನಿಲ್ಸು. ಸೂಜಿ ಒಳಗಿರ್ಲಿ. ಈಗ ತಿರುಗ್ಸು" ಎಂದು ಪಕ್ಕದಲ್ಲಿ ನಿಂತು ಹೇಳುತ್ತಿದ್ದರು. ತವರಿನಿಂದ ತಂದಿದ್ದ ಕರಿಯ ಕುರಿಕಂಬಳಿಯೊಂದನ್ನು ಭುಜದಿಂದ ಇಳಿಬಿಡಲು ಪಟ್ಟಿ ಹೊಲಿದುಕೊಂಡರು. ಸಂಜೆ ದೀಪ ಹಚ್ಚುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಶುಕ್ರವಾರ ಸಮಾಜದ ಕೋಣೆಯಲ್ಲಿ ಹೆಂಗಸರೆಲ್ಲ ಜಮಖಾನದ ಮೇಲೆ ಕೂತಿದ್ದರು. ಕಾರ್ಯದರ್ಶಿ ಬಾಡಿಗೆಯ ಮಿರುಗುವ ಕೋಟು ತೊಟ್ಟು ಬಂದರು. ಹೊಸ ಅಂಗಿ ತೊಟ್ಟು ನಿಂತಿದ್ದ ಅಕ್ಕನನ್ನು ಸುತ್ತಿ ನೋಡಿ, "ಕಂಕುಳಲ್ಲಿ ಹಸಿರು ತೇಪೆ ಹಾಕ್ಬುಟ್ಟಿದೀರಲ್ಲ, ರಾಣಿಗೆ ಅಷ್ಟೊಂದು ಬಡತನವಾ?" ಎಂದರು. ಎಲ್ಲರೂ ನಕ್ಕರು.

"ಕುಂತ್ಕಂಡು ಎಲೆಅಡಿಕೆ ಹಾಕೋ ರಾಣಿ ಆಗಿದ್ರೆ ಇದು ಬೇಕಿರಲಿಲ್ಲ. ಇವಳು ಕತ್ತಿ ಎತ್ತೋಳು" ಎಂದರು ಅಕ್ಕ.

"ತೋಳು ಕತ್ರಿಸಿದ್ಯಾರು? ಅಂಚು ಜೋಡಿಸಿದೆಯಲ್ಲ" ಎಂದು ಅಧ್ಯಕ್ಷೆ ಕೇಳಿದರು. ನನಗೆ ಭೂಮಿ ಬಿರಿದು ಒಳಗೆ ಹೋದರೆ ಸಾಕೆನಿಸಿತು.

"ಇಬ್ರೂ ಸೇರಿ ಕತ್ರಿಸಿದ್ವಿ. ಹಳೇ ಕಾಲದ್ದು ಹಿಂಗೇ ಇರೋದು" ಎಂದರು ಅಕ್ಕ. ಅದಕ್ಕಿಂತ ಹೆಚ್ಚು ಅವತ್ತೂ ಹೇಳಲಿಲ್ಲ, ಆಮೇಲೆ ಬದುಕಿದ್ದಷ್ಟು ದಿನವೂ ಯಾರ ಮುಂದೆಯೂ ಹೇಳಲಿಲ್ಲ.

"ಎಲ್ಲಿ, ಇಬ್ರೂ ಕತ್ತಿ ಎತ್ತಿ ನೋಡಾಣ" ಎಂದರು ಅಧ್ಯಕ್ಷೆ.

ಕಾರ್ಯದರ್ಶಿ ಬೆಳ್ಳಿಕಾಗದ ಸುತ್ತಿದ ಮರದ ಕತ್ತಿ ಎತ್ತಿದರು. ಕೈಯ ಜೊತೆ ಕೋಟೂ ಎದ್ದು ಕಿವಿ ಮುಟ್ಟಿತು. ಕೋಟಿನೊಳಗಿಂದ "ನನ್ ತಲೆ ಎಲ್ಲಿಗೆ ಹೋಯ್ತ್ರೇ" ಎಂದು ಆಕೆಯೇ ನಕ್ಕುಬಿಟ್ಟರು. ಆಮೇಲೆ ಅಕ್ಕ ಎತ್ತಿದರು. ಕೈ ನೆಟ್ಟಗೆ ಮೇಲೆ ಹೋಯಿತು. ಕಂಕುಳಲ್ಲಿ ಹಸಿರು ರೇಷ್ಮೆ ಗಿಳಿಯ ರೆಕ್ಕೆಯಂತೆ ಬಿಚ್ಚಿತು. ಸೊಂಟದ ಅಂಚು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಕತ್ತಿಯ ತುದಿ ಹೆಂಚಿನ ಕೆಳಗಿನ ತೊಲೆಗೆ ತಗುಲಿ ಟಕ್ ಎಂದಿತು.

ಅಧ್ಯಕ್ಷೆ ಎದ್ದು ನಿಂತರು. "ಇನ್ನೇನು ನೋಡೋದು. ಕೋಟೆ ನಿಂದೇ ಕಣಮ್ಮ" ಎಂದರು. ಕಾರ್ಯದರ್ಶಿ ಭಟನ ಪಾತ್ರ ತಾವೇ ಕೇಳಿ ತೆಗೆದುಕೊಂಡರು. ಮಾತು ಕಡಿಮೆ, ಕಲಿಯುವುದು ತಪ್ಪಿತು ಎಂದರು.

ನಾಟಕ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ಶಾಲೆಯ ಬಯಲಿನಲ್ಲಿ. ಹೆಂಗಸರು ಸಂಜೆ ಅಡುಗೆಯ ಹೊತ್ತಿಗೆ ಮನೆ ಸೇರಬೇಕಲ್ಲ. ಪರದೆಯ ಹಿಂದೆ ಅಕ್ಕ ಅಭ್ಯಾಸದಂತೆ ಬಗ್ಗಿಕೊಂಡೇ ನಿಂತಿದ್ದರು. ಕಿರೀಟ ಬೇರೆ. ಒಳಗೆ ಹೋಗುವ ಸೂಚನೆಯಾದಾಗ ನನ್ನ ಭುಜ ಹಿಡಿದು ಒಂದು ಸಲ ಉಸಿರು ತೆಗೆದುಕೊಂಡರು. ಬೆನ್ನು ನೆಟ್ಟಗಾಯಿತು. ಅದುವರೆಗೆ ಅವರ ಪೂರ್ತಿ ಎತ್ತರವನ್ನು ನಾನೇ ನೋಡಿರಲಿಲ್ಲ.

ಅವರು ರಂಗದ ನಡುವೆ ಬಂದು ನಿಂತಾಗ ಬಯಲಿನಲ್ಲಿ ಗದ್ದಲ ನಿಂತಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕರೊಬ್ಬರು ಪಕ್ಕದವರಿಗೆ, "ಆಯಮ್ಮ ಇಂಗೇ ಇದ್ದಿರ್ಬೇಕು ಕಣ್ಲಾ. ಇಲ್ದಿದ್ರೆ ಅಷ್ಟು ದೊಡ್ಡ ಬೆಟ್ಟ ಹೆಂಗೆ ಕಾದಾಳು" ಎಂದದ್ದು ಪರದೆಯ ಹಿಂದೆ ನನಗೂ ಕೇಳಿಸಿತು. ಕೊನೆಯ ದೃಶ್ಯದಲ್ಲಿ ಕತ್ತಿ ಎತ್ತಿದಾಗ ಜನ ಎದ್ದು ಚಪ್ಪಾಳೆ ತಟ್ಟಿದರು. ಅಕ್ಕನ ಯಜಮಾನರು ಚಪ್ಪಾಳೆ ಸಾಲದೆಂದು ಜೇಬಿನಿಂದ ಬಸ್ಸಿನ ಸೀಟಿ ತೆಗೆದು ಊದಿದರು. ಹಿಂದಿನಿಂದ ಯಾರೋ "ರೈಟ್, ರೈಟ್" ಎಂದರು. ರಂಗದ ಮೇಲಿದ್ದ ರಾಣಿಗೂ ನಗು ತಡೆಯಲಿಲ್ಲ.

ಆಮೇಲೆ ಅಕ್ಕ ಬೀದಿಯಲ್ಲಿ ಬಗ್ಗಿ ನಡೆದದ್ದನ್ನು ನಾನು ಕಾಣೆ. ಯಜಮಾನರೇ ತಲೆಯೆತ್ತಿ ಅವರೊಡನೆ ಮಾತಾಡುತ್ತಾ ಹೋಗುತ್ತಿದ್ದರು. ಕೊರಟಗೆರೆಯಿಂದ, ಶಿರಾದಿಂದ ಹೆಂಗಸರು ಅಜ್ಜಿಯರ ರವಿಕೆ ಹಿಡಿದು ಬರತೊಡಗಿದರು. ದಪ್ಪಗಿದ್ದವರು, ಗೂನುಬೆನ್ನಿನವರು, ಕುಳ್ಳಗಿದ್ದವರು. ಅಕ್ಕ ಯಾರಿಗೂ ಹೊಲಿದುಕೊಡುತ್ತಿರಲಿಲ್ಲ. "ಬಿಚ್ಚು, ಕುಂತ್ಕೊ, ನೀನೇ ನೋಡು" ಎಂದು ಚಾಪೆ ಹಾಸುತ್ತಿದ್ದರು. ನನ್ನ ಗೋಡೆಯ ಸರ್ಟಿಫಿಕೇಟನ್ನು ನಾನೇ ಇಳಿಸಿಟ್ಟೆ. ನಾನು ಹೊಲಿಗೆ ಕಲಿತದ್ದು ಆ ಗುರುವಾರ. ತಪ್ಪು ಮಾಡಿದವಳ ಕೈಗೇ ಮತ್ತೆ ಬಟ್ಟೆ ಕೊಟ್ಟರಲ್ಲ, ಆ ಋಣ ನನ್ನ ಮೇಲೆ ಹಾಗೆಯೇ ಇದೆ. ಕಳೆದ ವರ್ಷ ಅವರು ಹೋದಾಗ ಓಡಿಹೋಗಿ ಮುಖ ನೋಡಿದೆ. ಅಳು ಬಂತು. ಆದರೆ ಅವರನ್ನು ನೆನೆದಾಗ ನನಗೆ ಮೊದಲು ಬರುವುದು ಆ ಭಾನುವಾರದ ಸಂಜೆಯೇ.

ಅವತ್ತು ನಾವು ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಅಕ್ಕ ಬಟ್ಟೆ ಬದಲಿಸಲಿಲ್ಲ. ರಾಣಿಯ ಅಂಗಿಯಲ್ಲೇ ಒಲೆಯ ಮುಂದೆ ಕೂತರು. ಯಜಮಾನರು ಅವರನ್ನು ಎಬ್ಬಿಸಿ, ತಾವೇ ಮುದ್ದೆ ತಿರುವಿದರು. ಅಲ್ಲಲ್ಲಿ ಗಂಟು ಉಳಿದಿತ್ತು. ನಾನು ನಮ್ಮ ಮನೆಯಿಂದ ಸೊಪ್ಪಿನ ಬಸ್ಸಾರು, ಕಡಲೆಕಾಯಿ ಚಟ್ನಿ ತಂದೆ. ಅಕ್ಕ ಎರಡು ಮುದ್ದೆ ಉಂಡು, ಮಜ್ಜಿಗೆ ಕುಡಿದು, ಇನ್ನರ್ಧ ಮುದ್ದೆ ಹಾಕಿಸಿಕೊಂಡರು. ನಾವು ತಟ್ಟೆ ತೊಳೆದು ಒಳಗೆ ಬರುವಷ್ಟರಲ್ಲಿ ಅವರು ಕಂಬಳಿಯ ಮೇಲೆ ಕಾಲು ಪೂರ್ತಿ ಚಾಚಿ ಮಲಗಿಬಿಟ್ಟಿದ್ದರು. ಬೀದಿಯಲ್ಲಿ ಎಲ್ಲರಿಗಿಂತ ಮೊದಲು ನಿದ್ದೆ ಹೋದದ್ದು ರಾಣಿಯೇ.