ಇಲಿಗಳ ಪಂಚಾಂಗ

ನನ್ನ ಪಿಎಚ್.ಡಿ. ಗೈಡ್ ತಮ್ಮ ಪ್ರಬಂಧಗಳ ಪಟ್ಟಿಯನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದರು. ಯಾರೇ ಬರಲಿ, ಚಹಾಕ್ಕಿಂತ ಮೊದಲು ಪಟ್ಟಿ. ಯಾವ ಪ್ರಬಂಧವನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂದು ದಿನವೂ ಕಂಪ್ಯೂಟರಿನಲ್ಲಿ ನೋಡುವುದೇ ಅವರ ಪೂಜೆ. ಉಲ್ಲೇಖಿಸಿದವರಲ್ಲಿ ಅರ್ಧ ಅವರ ಶಿಷ್ಯರು, ಉಳಿದರ್ಧ ಸ್ವತಃ ಅವರೇ. ತನ್ನ ಬೆನ್ನು ತಾನೇ ತಟ್ಟಿಕೊಳ್ಳಲು ಅಷ್ಟು ಉದ್ದದ ಕೈ ಇದ್ದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಪ್ರಾಣಿಗಳ ನಡವಳಿಕೆ ಮತ್ತು ಮೆದುಳು ಅವರ ವಿಷಯ. ಅವರಿಗೆ ಹೆಸರು ತಂದ ಪ್ರಬಂಧ ಮಾತ್ರ ನಮ್ಮೂರ ಇಲಿಗಳದ್ದು. ಶಹಾಪುರ, ಭೀಮರಾಯನಗುಡಿ ಕಡೆ ಕಾಲುವೆ ನೀರು ಪಾಳಿಯ ಮೇಲೆ ಬರುತ್ತದೆ. ನಮ್ಮ ಕಾಲುವೆಯ ಬೋರ್ಡಿನಲ್ಲಿ ಸೋಮವಾರ ಎಂದು ಬರೆದಿತ್ತು. ಏರಿಯ ಬಿಲದ ಇಲಿಗಳು ಭಾನುವಾರ ಸಂಜೆಯೇ ಮರಿ ಕಚ್ಚಿಕೊಂಡು ಹೊರಡುತ್ತಿದ್ದವು. ಜೀಪಿನಲ್ಲಿ ಬಂದ ನಮ್ಮ ಗೈಡ್ ಸಾಹೇಬರು ಬೋರ್ಡು ಓದಿದರು, ಇಲಿ ನೋಡಿದರು, ಇಲಿಯ ಮೆದುಳು ದಿನ ಎಣಿಸುತ್ತದೆ ಎಂದು ತೀರ್ಮಾನಿಸಿದರು. ಹಿಡಿದ ಇಲಿಗಳ ಮೆದುಳು ಕೊಯ್ದು ಎಣಿಸುವ ಜಾಗವನ್ನೂ ತೋರಿಸಿದರು. ಬೆಟ್ಟ ಅಗೆದು ಇಲಿ ಹಿಡಿದವರನ್ನು ಕೇಳಿದ್ದೇವೆ. ಇವರು ಇಲಿ ಹಿಡಿದು ಬೆಟ್ಟ ಎಬ್ಬಿಸಿದರು.

ಆ ಕಾಲುವೆಯ ಗೇಟು ಎತ್ತಿ ಇಳಿಸುತ್ತಿದ್ದವನು ನನ್ನಪ್ಪ. ಮೊದಲ ರಜೆಗೆ ಊರಿಗೆ ಹೋದಾಗ ಗೈಡ್ ಅವರ ಪ್ರತಾಪವನ್ನು ಅವನೆದುರು ಕೊಚ್ಚಿಕೊಂಡೆ.

"ಇಲಿ ದಿನಾ ಎಣಸ್ತಾವಂತ ಯಾರ್ ಹೇಳಿದ್ರು?" ಎಂದ ಅಪ್ಪ.

"ನಮ್ಮ ಸರ್ ಬರದಾರಪ್ಪಾ. ನೀರು ಸೋಮವಾರ, ಅವು ಐತಾರನ ಹೋಗ್ತಾವ."

"ಸೋಮವಾರ ಅಂತ ಬೋರ್ಡಿನ್ಯಾಗ ಅದ. ನಾ ಐತಾರ ಮಧ್ಯಾಹ್ನನ ಗೇಟು ನಾಕು ಬಟ್ಟು ಎತ್ತಿರ್ತೀನಿ. ಕಾಲುವಿ ಬಾಯಿ ತೋಯಿಸಬೇಕಲ್ಲ?"

ಒಣಗಿ ಬಿರಿದ ಎರೆಮಣ್ಣಿಗೆ ಒಮ್ಮೆಲೇ ನೀರು ನುಗ್ಗಿದರೆ ಏರಿ ಕುಸಿಯುತ್ತದೆ. ಅದಕ್ಕೇ ಹಿಂದಿನ ದಿನ ಸಣ್ಣಗೆ ನೀರು ಬಿಡುವುದು. ಬಾಯಿ ತೋಯಿಸುವುದೆಂದರೆ ಅದು. ಸುರಪುರ ಕಡೆಯಿಂದ ಕಳೆ ಕೀಳಲು ಬರುವ ಹೆಂಗಸರಿಗೂ ಗೊತ್ತಿದ್ದ ಸಂಗತಿ. ಯಾರೂ ಬೋರ್ಡಿನ ಮೇಲೆ ಬರೆದಿರಲಿಲ್ಲ, ಅಷ್ಟೆ.

"ಕಾಲಿಗೆ ನೀರು ಹತ್ತಿದ್ರ ಇಲಿ ಓಡ್ತದ. ಅದಕ್ಕ ಮಿದುಳ್ಯಾಕ ಕೊಯ್ದ್ರಿ?" ಎಂದ ಅಪ್ಪ.

ಗೈಡ್‌ಗೆ ಹೇಳಿದೆ. ಅವರು ನಕ್ಕರು. "ಇದು ಎಲ್ಲಿ ಪ್ರಕಟವಾಗಿದೆ? ನಿಮ್ಮ ತಂದೆ ರೆಫರೆನ್ಸ್ ಅಲ್ಲಪ್ಪಾ," ಎಂದು ಗಾಜಿನ ಮೇಲೆ ಬೆರಳಿನಿಂದ ಕುಟ್ಟಿದರು. ಡಿಗ್ರಿಗೆ ಅವರ ಸಹಿ ಬೇಕಿತ್ತು. ಬಾಯಿ ಮುಚ್ಚಿಕೊಂಡೆ. ನನ್ನ ಥೀಸಿಸ್ಸಿನಲ್ಲೂ ಇಲಿಗಳು ದಿನ ಎಣಿಸಿದವು. ಅವರ ಬಗ್ಗೆ ಇದ್ದ ಹೇಸಿಗೆಯಲ್ಲಿ ಒಂದು ಪಾಲು ಅಂದಿನಿಂದ ನನ್ನ ಮೇಲೂ ಇದೆ.

"ಬಾಯಿ ತೋಯಿಸೋದು ಬರದೀ?" ಎಂದು ಥೀಸಿಸ್ ಮುಗಿಸಿ ಊರಿಗೆ ಹೋದಾಗ ಅಪ್ಪ ಕೇಳಿದ. ಇಲ್ಲ ಎಂದೆ. ಅವನು ಗೇಟಿನ ಕೀಲಿಗೆ ಎಣ್ಣೆ ಹಚ್ಚುತ್ತ ಕೂತ.

ನೌಕರಿ ಸಿಕ್ಕ ಮೇಲೆ ಎರಡು ಹಂಗಾಮು ಅಪ್ಪನ ಜೊತೆ ಏರಿಯ ಮೇಲೆ ನಿಂತೆ. ಕಾಲುವೆ ಬಂದ್ ಆಗಿದ್ದ ವಾರ ಭಾನುವಾರ ಬಂದರೂ ಒಂದು ಇಲಿಯೂ ಕದಲಲಿಲ್ಲ. ಅಪ್ಪ ಶನಿವಾರ ಬಾಯಿ ತೋಯಿಸಿದರೆ ಶನಿವಾರವೇ ಹೊರಟವು. ಇಲಿ ದಿನ ಎಣಿಸುವುದಿಲ್ಲ, ನೀರಿಗೆ ಓಡುತ್ತದೆ ಎಂದು ಎರಡು ಪುಟ ಬರೆದು ಪ್ರಕಟಿಸಿದೆ. ಗೇಟಿನ ಸಂಗತಿ ಹೇಳಿದವನೆಂದು ಅಪ್ಪನ ಹೆಸರು ಹಾಕಿದೆ. ಅಪ್ಪ ಅದನ್ನು ಭೀಮರಾಯನಗುಡಿಯ ನೀರಾವರಿ ಕ್ಯಾಂಪಿನಲ್ಲೆಲ್ಲ ತೋರಿಸಿಕೊಂಡು ಬಂದ. ವರ್ಷಗಳು ಕಳೆದರೂ ಅದನ್ನು ಯಾರೂ ಉಲ್ಲೇಖಿಸಲಿಲ್ಲ.

ಕಳೆದ ವರ್ಷ ಒಬ್ಬರು ಉಲ್ಲೇಖಿಸಿದರು. ನನ್ನ ಗೈಡೇ. ಹೊಸ ಪ್ರಬಂಧದಲ್ಲಿ, ಇಲಿಗಳು ದಿನ ಎಣಿಸುವುದನ್ನು ನಂತರದ ಅಧ್ಯಯನವೂ ದೃಢಪಡಿಸಿದೆ ಎಂದು ಬರೆದು, ಪಕ್ಕದಲ್ಲಿ ನನ್ನ ಎರಡು ಪುಟವನ್ನು ನಮೂದಿಸಿದ್ದರು. ತಲೆಬರಹ ಬಿಟ್ಟು ಒಂದಕ್ಷರ ಓದಿರಲಿಲ್ಲ ಆ ಮನುಷ್ಯ.

ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ, ನಗಲಿ ಎಂದು. ಅವನು ನಗಲಿಲ್ಲ.

"ಅದರಾಗ ನನ್ನ ಹೆಸರು ಅದಲ್ಲ?" ಎಂದ. "ಹಂಗಂದ್ರ ಈಗ ನಾನೂ ಸುಳ್ಳು ಹೇಳಿದಂಗಾತೇನು?"