ಎರಡಿಂಚು ಬಿಡುವ ಟೈಲರಮ್ಮ ಮತ್ತು ಎರಡು ಕಾರ್ಡು

ಹೊಲಿಗೆಯ ಒಳಗೆ ಎರಡಿಂಚು ಬಟ್ಟೆ ಬಿಡದಿದ್ದರೆ ಈ ಟೈಲರಮ್ಮನಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ. "ಮೈ ಅಂದ್ಮೇಲೆ ದಪ್ಪ ಆಗತ್ತೆ, ಅದಕ್ಕೆ ಬಟ್ಟೆ ಯಾಕೆ ಬಿಸಾಕ್ಬೇಕು?" ಎಂಬುದು ಅವಳ ವಾದ. ಬೀದಿಯವರು ಅವಳಿಗೆ ‘ಎರಡಿಂಚು’ ಎಂದೇ ಹೆಸರಿಟ್ಟಿದ್ದರು.

ಆ ಪಾಠ ಕಲಿಸಿದವಳು ಅವಳ ಅಕ್ಕ. ತಾಯಿಯಿಲ್ಲದ ತಂಗಿಯನ್ನು ಮಡಿಲಲ್ಲಿ ಕೂರಿಸಿಕೊಂಡೇ ಮಷಿನ್ನು ತುಳಿದು ಸಾಕಿದವಳು. ಈಗ ಎರಡು ದಿನದ ರೈಲಿನ ದೂರದಲ್ಲಿ ಮಗಳ ಮನೆಯಲ್ಲಿದ್ದಾಳೆ. ಕಣ್ಣು ಮಂಜಾಗುತ್ತಿದೆ, ಡಾಕ್ಟರು ಕೈಚೆಲ್ಲಿದ್ದಾರೆ.

"ಪೂರ್ತಿ ಹೋಗೋದ್ರೊಳಗೆ ನಿನ್ನ ಮುಖ ಒಂದ್ಸಲ ನೋಡ್ಬೇಕು ಕಣೇ," ಎಂದು ಅಕ್ಕ ಫೋನಿನಲ್ಲಿ ಹೇಳಿದ ಮೇಲೆ ಟೈಲರಮ್ಮನಿಗೆ ಸೂಜಿಗೆ ದಾರ ಪೋಣಿಸಲೂ ಆಗಲಿಲ್ಲ. ರೈಲಿನಲ್ಲಿ ಹೋಗಿಬರಲು ಒಂದು ವಾರ ಬೇಕು. ಅಂಗಡಿಗೆ ಒಂದು ದಿನ ಬೀಗ ಹಾಕುವುದೆಂದರೂ ಅವಳಿಗೆ ಜೀವ ಬಾಯಿಗೆ ಬರುತ್ತದೆ. ವಿಮಾನದ ಮಾತಂತೂ ದೂರ.

ಅಷ್ಟರಲ್ಲಿ ಬ್ಯಾಂಕಿನ ಕಾಗದ ಬಂತು. ವರ್ಷಕ್ಕಿಷ್ಟು ಶುಲ್ಕ ಕಟ್ಟಿ ರಿವಾರ್ಡ್ ಕ್ರೆಡಿಟ್ ಕಾರ್ಡು ತೆಗೆದುಕೊಂಡರೆ ಖರ್ಚು ಮಾಡಿದಷ್ಟೂ ಪಾಯಿಂಟು, ಪಾಯಿಂಟು ಸೇರಿದರೆ ವಿಮಾನದ ಟಿಕೆಟು ಪುಕ್ಕಟೆ. ಕೆಳಗೆ ವಾರ್ಷಿಕ ಶುಲ್ಕವಿಲ್ಲದ ಸಾದಾ ಕಾರ್ಡೂ ಇತ್ತು, ಆದರೆ ಅದರ ಕಡೆ ಅವಳು ಕಣ್ಣೆತ್ತಿಯೂ ನೋಡಲಿಲ್ಲ. ಶುಲ್ಕದ ದುಡ್ಡನ್ನು ಪರ್ಸಿನಲ್ಲಿಟ್ಟುಕೊಂಡು ಬ್ಯಾಂಕಿಗೆ ಹೊರಟೇಬಿಟ್ಟಳು.

ಕೌಂಟರಿನ ಹುಡುಗಿ ತಿಂಗಳ ಖರ್ಚು ಕೇಳಿದಳು. ದಾರ, ಗುಂಡಿ, ಲೈನಿಂಗು, ಕರೆಂಟು. ಹುಡುಗಿ ಲೆಕ್ಕ ಹಾಕಿ ಪೆನ್ನು ಕೆಳಗಿಟ್ಟಳು.

"ಆಂಟಿ, ನಿಮ್ಮ ಖರ್ಚಿಗೆ ಟಿಕೆಟ್ ಆಗೋಷ್ಟು ಪಾಯಿಂಟ್ ಸೇರೋಕೆ ಏಳು ವರ್ಷ ಬೇಕು."

ಏಳು ವರ್ಷ! ಟೈಲರಮ್ಮನ ಕಣ್ಣಲ್ಲಿ ನೀರು ತುಂಬಿತು. ಅಕ್ಕನ ವಿಷಯವೆಲ್ಲ ಬಾಯಿಬಿಟ್ಟು ಹೇಳಿಕೊಂಡಳು.

ಹುಡುಗಿ ತನ್ನ ಕೋಟಿನ ಅಂಚು ಮಗುಚಿ ತೋರಿಸಿದಳು. ಹಳೇ ಹೊಲಿಗೆಯ ಗುರುತು, ಅದರಾಚೆ ಬಿಚ್ಚಿ ಬಿಟ್ಟ ಬಟ್ಟೆ.

"ಇದು ನಮ್ಮಮ್ಮನ ಕೋಟು. ನನಗೆ ಕೆಲಸ ಸಿಕ್ಕಾಗ ಹೊಸದಕ್ಕೆ ದುಡ್ಡಿರಲಿಲ್ಲ. ನೀವು ಒಳಗೆ ಬಿಟ್ಟಿದ್ದ ಬಟ್ಟೇನೇ ಬಿಚ್ಚಿ ನನ್ನ ಮೈಗೆ ಸರಿ ಮಾಡ್ಕೊಟ್ರಿ. ಆ ರಿವಾರ್ಡ್ ಕಾರ್ಡು ಮಾರಿದ್ರೆ ನನಗೆ ಹೆಸರು ಬರತ್ತೆ, ನಿಜ. ಆದ್ರೆ ಅದು ನಿಮ್ಮ ಅಳತೇದಲ್ಲ. ನೀವು ದಾರ-ಗುಂಡಿ ತರೋ ಸಗಟು ಅಂಗಡಿಗೆ ಈ ಸಾದಾ ಕಾರ್ಡೇ ಸಾಕು, ತಿಂಗಳಾ ತಿಂಗಳಾ ಬಿಲ್ಲು ಪೂರ್ತಿ ಕಟ್ಬಿಡಿ. ಆ ಕಾರ್ಡಿನ ಶುಲ್ಕಕ್ಕೆ ಅಂತ ತಂದಿರೋ ದುಡ್ಡಿದೆಯಲ್ಲ, ಅದರಲ್ಲಿ ರೈಲಲ್ಲಿ ಹೋಗ್ಬಂದ್ರೂ ಮಿಗತ್ತೆ."

"ಅಂಗಡಿ?"

"ಬಟ್ಟೇಲಿ ಎರಡಿಂಚು ಬಿಡ್ತೀರಿ, ವರ್ಷದಲ್ಲಿ ಒಂದು ವಾರ ಬಿಡೋಕಾಗಲ್ವಾ?"

ಇಷ್ಟು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ ಟೈಲರಮ್ಮ ಹುಡುಗಿಯ ಮಾತು ಕೇಳಿ ಸಾದಾ ಕಾರ್ಡಿಗೆ ಸಹಿ ಹಾಕಿದಳು. ಆ ಹುಡುಗಿಯನ್ನು ಹೆತ್ತ ಹೊಟ್ಟೆ ತಣ್ಣಗಿರಲಿ ಎಂದು ದಾರಿಯುದ್ದಕ್ಕೂ ಹರಸಿದಳು. ಮರುದಿನವೇ ಅಂಗಡಿಗೆ ಬೀಗ.

ರೈಲಿಳಿದು ಬಂದ ತಂಗಿಯನ್ನು ಅಕ್ಕ ಕಿಟಕಿಯ ಬೆಳಕಿಗೆ ಎಳೆದು ನಿಲ್ಲಿಸಿದಳು. ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ತೀರಾ ಹತ್ತಿರ ತಂದುಕೊಂಡು, ಬಹಳ ಹೊತ್ತು ನೋಡಿದಳು.

"ಅಯ್ಯೋ, ಮುದುಕಿ ಆಗ್ಬಿಟ್ಟಿದ್ದೀಯಲ್ಲೇ!"

"ಕಾಣತ್ತಲ್ಲಕ್ಕಾ," ಎಂದಳು ತಂಗಿ, "ಅಷ್ಟು ಸಾಕು."